ಕಾರ್ಬನ್ ಪ್ರತಿ

ಬೋರಾ ಬೀಸಲು ಶುರುವಾಗಿ ಇದು ಮೂರನೆಯ ದಿನ.
ತ್ರಿಯೆಸ್ತೆಯಲ್ಲಿ ಈ ಗಾಳಿಗೆ ನನ್ನಂಥ ಮುದುಕಿಯರು
ಬೀದಿಯ ಕಂಬ ತಬ್ಬಿ ನಿಲ್ಲುತ್ತಾರೆ.
ನಾನು ಮನೆಯಲ್ಲೇ ಇದ್ದೆ. ಅದಕ್ಕೇ ಸಿಕ್ಕಿಬಿಟ್ಟೆ.

ಬಂದವನು ಪೆರ್ತೋಟ್, ಇನ್ಸ್‌ಪೆಕ್ಟರು.
ನನಗೊಬ್ಬ ಮೊಮ್ಮಗನಿದ್ದಿದ್ದರೆ ಅಷ್ಟೇ ವಯಸ್ಸು.
ಕೈಯಲ್ಲಿ ಬೇಕರಿಯ ಪೊಟ್ಟಣ, ಕಂಕುಳಲ್ಲಿ ಫೈಲು.
ಐದು ಮಹಡಿ ಹತ್ತಿದ ಏದುಸಿರಿನಲ್ಲಿ
ಮೊದಲು ಕೇಳಿದ್ದು ನೀರು. ಆಮೇಲೆ,
"ಆ ಹಳೇ ಟೈಪ್‌ರೈಟರು ಇನ್ನೂ ಇದೆಯೆ, ಸಿನ್ಯೋರಾ ನೀವೆಸ್?"

ಮೂವತ್ತೊಂದು ವರ್ಷ ಠಾಣೆಯಲ್ಲಿ ಬೆರಳಚ್ಚುಗಾರ್ತಿ ನಾನು.
ಕಳ್ಳರು ಅತ್ತದ್ದು, ಗಂಡಂದಿರು ಬೊಗಳಿದ್ದು
ಎಲ್ಲ ಈ ಹತ್ತು ಬೆರಳುಗಳನ್ನು ಹಾದು
ಸಾಧುವಾಗಿ, ಅಲ್ಪವಿರಾಮ ಸಮೇತ ಹೊರಬಿದ್ದಿದೆ.
ಕೊಂದವರೂ ನನ್ನ ಹಾಳೆಯಲ್ಲಿ ವ್ಯಾಕರಣಶುದ್ಧರು.

ಅವನು ತಂದ ಪ್ರೆಸ್ನಿಟ್ಸ್ ಕತ್ತರಿಸಿಕೊಟ್ಟೆ.
ಒಣದ್ರಾಕ್ಷಿಗಳನ್ನು ಒಂದೊಂದಾಗಿ ಹೆಕ್ಕಿ ಬದಿಗಿಟ್ಟ.
ಹಾಗೆ ಹೆಕ್ಕುವವರು ತಾಳ್ಮೆಯವರು;
ನನಗೆ ಆಗಲೇ ಭಯವಾಯಿತು.
ಬಾಲ್ಕನಿಯ ಹಸಿರು ಕದ ಕೊಂಡಿ ಕಳಚಿಕೊಂಡು
ಹೊರಗೆ ಬಡಿಯುತ್ತಲೇ ಇತ್ತು.

"ಎಂಬತ್ನಾಲ್ಕರ ಫೆಬ್ರವರಿ. ಲೀಬೆರೊ ಅಂತ ಒಬ್ಬ," ಎಂದ.
"ಹೆಂಡತಿ ಒಂದೀನಾ. ಇಂಥದ್ದೇ ಗಾಳಿ.
ರಾತ್ರಿಯಿಡೀ ಬಾಲ್ಕನಿಯಲ್ಲಿ, ಬರೀ ಅಂಗಿಯಲ್ಲಿ.
ಬೆಳಿಗ್ಗೆ ಕಂಬಿಗಂಟಿದ ಬೆರಳು ಬಿಡಿಸಲು
ಬಿಸಿನೀರು ಹೊಯ್ಯಬೇಕಾಯಿತಂತೆ."

ಬಿಸಿನೀರಲ್ಲ, ಗ್ರಾಪ್ಪಾ.
ತಿದ್ದಲು ತೆರೆದ ಬಾಯಿಗೆ ತಿಂಡಿಯ ಚೂರು ತುರುಕಿಕೊಂಡೆ.

"ಹೇಳಿಕೆಯ ಮೇಲ್ಪ್ರತಿಯಲ್ಲಿ ಹೀಗಿದೆ," ಎಂದು
ನೋಡದೆಯೇ ಒಪ್ಪಿಸಿದ: ಬಾಗಿಲಿಗೆ ಚಿಲಕ ಹಾಕಿದೆ.
ಯಾರೂ ಹಾಕದ ಚಿಲಕ.
ಹಿಮ ಬಿದ್ದಂತೆ, ತಾನಾಗಿ ಬಿದ್ದದ್ದು.
"ಆದರೆ ಆ ವಾಕ್ಯದ ಮುಂದೆ ಕಾಗದ ತೆಳ್ಳಗಿದೆ.
ದೀಪಕ್ಕೆ ಹಿಡಿದರೆ ಬ್ಲೇಡಿನಿಂದ ಕೆರೆದ ಗುರುತು,
ಎರಡಕ್ಷರದಷ್ಟು ಅಗಲ."

ಬ್ಲೇಡು ನನ್ನ ಕೈಚೀಲದಲ್ಲೇ ಇತ್ತು, ಕ್ಷೌರದ್ದು;
ಯಾರದ್ದೆಂದು ಅವನು ಕೇಳಲಿಲ್ಲ.

ಮೇಲಿನ ಹಾಳೆ ಕೆರೆದವಳು, ಕೆಳಗೆ
ನೀಲಿಮಸಿಯ ಹೊದಿಕೆಯಡಿ ಮಲಗಿದ್ದುದನ್ನು ಮರೆತೆ.
ಕಾರ್ಬನ್ ಪ್ರತಿ ಹೋಗುವುದು ಬೇರೆ ಕಪಾಟಿಗೆ,
ಬೇರೆ ಇಲಿಗಳ ಪಾಲಿಗೆ.
ಆ ಇಲಿಗಳನ್ನು ನಂಬಿ ಕೂತೆ, ನಲವತ್ತು ವರ್ಷ.

ಪೆರ್ತೋಟ್ ಫೈಲು ತೆರೆಯಲಿಲ್ಲ. ಅದರ ಮೇಲೆ ಅಂಗೈ ಊರಿ
"'ನಾನೇ' ಅಂತ ಇತ್ತು ಅಲ್ಲಿ," ಎಂದ, ಮೆಲ್ಲಗೆ.
"ನಾನೇ ಬಾಗಿಲಿಗೆ ಚಿಲಕ ಹಾಕಿದೆ.
ನೀವು ಗೆಳತಿಯನ್ನು ಉಳಿಸಿಕೊಂಡಿರಿ. ಅವಳೂ ಈಗಿಲ್ಲ.
ಒಂದು ಸಹಿ ಹಾಕಿದರೆ ಮುಗಿಯಿತು."

'ನಾನು' ಬಿಟ್ಟವರಿಗೆ ಸ್ವರ್ಗ ಹತ್ತಿರ ಎನ್ನುತ್ತಿದ್ದ
ಸಾನ್ ಜಾಕೊಮೊ ಚರ್ಚಿನ ಪಾದ್ರಿ.
ನಾನು ಬಿಡಿಸಿದ್ದು ಒಂದೇ ಒಂದು. ಅದೂ ಬ್ಲೇಡಿನಲ್ಲಿ.

ಅಂದು ಒಂದೀನಾ ಅಧಿಕಾರಿಯ ಮುಖ ನೋಡಲಿಲ್ಲ;
ನೋಡಿದ್ದು ಕೀಲಿಗಳ ಮೇಲಿದ್ದ ನನ್ನ ಬೆರಳುಗಳನ್ನು.
'ನಾನೇ' ಎಂದಳು, ನಿಧಾನವಾಗಿ,
ಹಟಮಾರಿ ಮಗುವಿಗೆ ತುತ್ತಿಡುವಂತೆ.
ಈ ಹುಡುಗನಿಗೆ ಎಲ್ಲ ಗೊತ್ತು, ಇದೊಂದರ ಹೊರತು:
ಆ 'ನಾನೇ' ಅವಳದಾಗಿರಲಿಲ್ಲ.

ಲೀಬೆರೊ ಕೆಟ್ಟವನೆ? ಹೇಳುವುದು ಕಷ್ಟ.
ಅಕಾರ್ಡಿಯನ್ ಚೆನ್ನಾಗಿ ನುಡಿಸುತ್ತಿದ್ದ.
ಗಾಜು ಬಡಿದದ್ದು ಕೂಡ
ಮೊದಮೊದಲು ತಾಳಕ್ಕೆ ಸರಿಯಾಗೇ ಇತ್ತು.

ಕದ ಮತ್ತೆ ಬಡಿಯಿತು. ಬೆಚ್ಚಿದೆ; ಅದನ್ನವನು ಕಂಡ.
"ಕೂತಿರಿ, ನಾನು ಕಟ್ಟಿ ಬರುತ್ತೇನೆ," ಎಂದ. ಒಳ್ಳೆಯ ಹುಡುಗ.
ಕೋಟು ಕುರ್ಚಿಯ ಮೇಲೆ, ಫೋನು ಕೋಟಿನಲ್ಲಿ,
ಫೈಲು ಮೇಜಿನ ಮೇಲೆ.
ಬೆನ್ನು ಮಾಡಿ ನಿಂತಿದ್ದಾನೆ, ಕೊಂಡಿ ಹುಡುಕುತ್ತ.
ಕೂದಲೆಲ್ಲ ಸಮುದ್ರದ ಕಡೆ ಹಾರುತ್ತಿದೆ.

ತಟ್ಟೆ ತೊಳೆದಿಟ್ಟೆ.
ಅವನು ಬಿಟ್ಟ ಒಣದ್ರಾಕ್ಷಿ, ಹಾಳಾಗಬಾರದೆಂದು, ತಿಂದೆ.
ಈ ಹಾಳೆಯ ಅಡಿಗೆ ಕಾರ್ಬನ್ ಇಟ್ಟಿಲ್ಲ.

ಬಾಗಿಲಿಗೆ ಚಿಲಕ ಹಾಕಿದೆ.